ಸತ್ತವನ ಮಗಳು

ಪುಟ್ಟಿಯನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಎಂದು ಹೇಳಿದ್ದರು. ಹೊರಗೆ ನಿಂತಿದ್ದ ತಾಯಿಯ ಕಣ್ಣು ಮಗಳ ಹೆಬ್ಬೆರಳಿನ ಮೇಲೆಯೇ ಇತ್ತು. ಬಲಗಿವಿಯ ಸರದಿಯಲ್ಲಿ ಆ ಬೆರಳು ಚುರುಕಾಗಿ ಕೆಲಸ ಮಾಡಿತು. ಎಡಗಿವಿಯ ಸರದಿ ಬಂದಾಗ ಗುಂಡಿಯ ಮೇಲೆ ಸುಮ್ಮನೆ ಕೂತುಬಿಟ್ಟಿತು. ಹದಿನಾಲ್ಕು ವರ್ಷದ ಹುಡುಗಿ ಗಾಜಿನಾಚೆಯಿಂದ ಅಮ್ಮನನ್ನು ನೋಡಿ, ಇನ್ನೂ ಶುರುವಾಗಿಲ್ಲವೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಶುರುವಾಗಿ ಐದು ನಿಮಿಷವಾಗಿತ್ತು.

ಡಾಕ್ಟರು ಹಾಳೆಯ ಮೇಲಿನ ಗೆರೆಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಇದು ಸೋಂಕಲ್ಲ, ಪೆಟ್ಟೂ ಅಲ್ಲ. ಇಂಥದ್ದು ವಂಶದಲ್ಲಿ ಬರುತ್ತೆ. ಕೆಲವು ಮನೆತನದಲ್ಲಿ ಒಂದು ಕಿವಿಗೇ ನಿಲ್ಲುತ್ತೆ. ಕೆಲವರಲ್ಲಿ ನಾಲ್ಕೈದು ವರ್ಷದಲ್ಲಿ ಇನ್ನೊಂದೂ ಹೋಗುತ್ತೆ. ನಿಮ್ಮಲ್ಲಿ ಯಾರಿಗಿತ್ತು?"

ಅವಳು ಗಂಡನ ಕಡೆಯವರನ್ನೆಲ್ಲ ಎಣಿಸಿದಳು, ತಾಯಿಯ ಕಡೆಯವರನ್ನೂ ಎಣಿಸಿದಳು. ಎಲ್ಲರದೂ ಚುರುಕು ಕಿವಿ. ಮೂರು ಮನೆಯಾಚೆ ಪಿಸುಮಾತು ಆಡಿದರೂ ಕೇಳಿಸುತ್ತದೆ.

"ನಿಮ್ಮ ತಂದೆ ಕಡೆ?"

"ಅಪ್ಪನ ಕಡೆ ಯಾರೂ ಇಲ್ಲ ಡಾಕ್ಟ್ರೇ. ಅವರು ಚಿಕ್ಕವರಿದ್ದಾಗಲೇ ಎಲ್ಲಾ ಹೋಗ್ಬಿಟ್ರಂತೆ."

"ಆಕಾಶದಿಂದ ಉದುರಿದವರು ಯಾರೂ ಇರಲ್ಲಮ್ಮ. ಯಾರಾದ್ರೂ ಇರ್ತಾರೆ, ಹುಡುಕಿ. ಗೊತ್ತಾದ್ರೆ ಮುಂದೇನು ಮಾಡ್ಬೇಕು ಅನ್ನೋದು ನನಗೂ ಸುಲಭ."

ಅವಳು ಹೊಲಿಗೆ ಮಿಷನ್ ರಿಪೇರಿಯವಳು. ಆ ಬೀದಿಯ ದರ್ಜಿಗಳಿಗೆಲ್ಲ ಮಿಷನ್ ಅಕ್ಕ. ಗಂಡ ಸರಕು ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುವವನು. ಅಂಗಡಿ ಅಪ್ಪನದು. ಹೆಣ್ಣುಮಗಳಿಗೆ ಸ್ಕ್ರೂಡ್ರೈವರ್ ಕೊಟ್ಟು ಹಾಳುಮಾಡಿದ ಎಂದು ಬೀದಿಯವರು ಆಡಿಕೊಂಡರೂ ಅಪ್ಪ ಅವಳನ್ನು ಏಳನೇ ವಯಸ್ಸಿಗೇ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದ. ಮಾತು ಕಡಿಮೆ. ನೂಲು ಕಿತ್ತುಹೋಗುವ ಮಿಷನ್ನಿನ ಹೊಟ್ಟೆಗೆ ಕಿವಿಯಿಟ್ಟು, ತಪ್ಪು ಶಟಲ್ಲಿನಲ್ಲೋ ಸೂಜಿಯಲ್ಲೋ ಎಂದು ಹೇಳಿಬಿಡುವ ಜಾಣ್ಮೆ ಅವನದು. ತನ್ನ ಹುಟ್ಟೂರಿನ ಸುದ್ದಿ ಬಂದರೆ ಮಾತ್ರ ಎಣ್ಣೆಯ ಡಬ್ಬಿ ಹುಡುಕಿಕೊಂಡು ಎದ್ದುಹೋಗುತ್ತಿದ್ದ. ಹೋದ ವರ್ಷ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಅದೇ ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣಬಿಟ್ಟಿದ್ದ.

ಆಸ್ಪತ್ರೆಯಿಂದ ಬಂದವಳೇ ತಾಯಿಯನ್ನು ಕೇಳಿದಳು. "ಅಮ್ಮಾ, ಅಪ್ಪನ ಊರು ಯಾವುದು?"

ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಈಗ್ಯಾಕೆ?"

"ಪುಟ್ಟಿ ಕಿವಿಗೆ. ಅಪ್ಪನ ಕಡೆಯವರಲ್ಲಿ ಯಾರಿಗಾದ್ರೂ ಇತ್ತಾ ಅಂತ ಡಾಕ್ಟ್ರು ಕೇಳ್ತಿದಾರೆ."

"ಯಾರಿಗೂ ಇರ್ಲಿಲ್ಲ."

"ನಿಂಗೆ ಹೇಗೆ ಗೊತ್ತು? ನೀನು ಯಾರನ್ನೂ ನೋಡೇ ಇಲ್ಲ ಅಂತಿದ್ದೆ."

ಈಳಿಗೆ ನಿಂತಿತು. "ನೋಡು, ಹುತ್ತ ಅಂತ ಗೊತ್ತಿದ್ದೂ ಕೈ ಹಾಕೋರಿಗೆ ಏನಂತಾರೆ? ಬೇರೆ ಡಾಕ್ಟ್ರನ್ನ ನೋಡು. ನಿಮ್ಮಪ್ಪ ಸತ್ತಾಯ್ತು, ಅವರ ಊರೂ ಸತ್ತಾಯ್ತು." ಅಷ್ಟು ಹೇಳಿ ಹೆಚ್ಚಿದ್ದನ್ನು ಅಲ್ಲಿಯೇ ಬಿಟ್ಟು ಹಿತ್ತಲಿಗೆ ನಡೆದಳು. ಒಲೆ ಉರಿಯುತ್ತಿದ್ದಾಗ ಅಡುಗೆಮನೆ ಬಿಟ್ಟು ಹೋದವಳಲ್ಲ ಅವಳು. ಮಗಳಿಗೆ ಅನುಮಾನ ಹುಟ್ಟಿದ್ದೇ ಆಗ.

ಅಂಗಡಿಯ ಅಟ್ಟದ ಮೇಲೆ ಅಪ್ಪನ ಹಳೆಯ ಟಿನ್ನಿನ ಪೆಟ್ಟಿಗೆಯಿತ್ತು. ಸವೆದ ಬಾಬಿನ್ನು, ಮುರಿದ ಸೂಜಿಗಳ ತಳದಲ್ಲಿ ನಾಲ್ಕಾಗಿ ಮಡಿಸಿದ, ನೀರಿನ ಕಲೆಯಿದ್ದ ಒಂದು ಕಾಗದ ಸಿಕ್ಕಿತು. ಕೈಕಸುಬಿನ ಶಾಲೆಯೊಂದರ ಪ್ರಮಾಣಪತ್ರ. ಅಪ್ಪನ ಹೆಸರೇ. ಆದರೆ ಅದರ ಹಿಂದೆ ಅವಳು ಎಂದೂ ಕೇಳದ ಮನೆತನದ ಹೆಸರೊಂದು ಅಂಟಿಕೊಂಡಿತ್ತು. ಕೆಳಗೆ ಊರಿನ ಮೊಹರು. ಅಪ್ಪ ಹೆಸರನ್ನು ಬಾಲ ಕತ್ತರಿಸಿದ ಹಾಗೆ ಅರ್ಧಕ್ಕೆ ತುಂಡು ಮಾಡಿಕೊಂಡು ಜೀವನವಿಡೀ ಓಡಾಡಿದ್ದ.

ಹೆಸರು ಅಪರೂಪದ್ದಾಗಿದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ಆ ಹೆಸರನ್ನೂ ಆ ಊರನ್ನೂ ಸೇರಿಸಿ ಹುಡುಕಿದಾಗ ಬಂದದ್ದು ಒಂದೇ ಒಂದು ಅಂಗಡಿ, ಒಂದು ಲಾಂಡ್ರಿ. ಅವಳು ನಂಬರ್ ಒತ್ತಿದಳು. ಹಬೆಯ ಬುಸ್ಸೆನ್ನುವ ಸದ್ದಿನ ನಡುವೆ ಹೆಂಗಸೊಬ್ಬಳ ದನಿ ಕೇಳಿತು.

"ಬಟ್ಟೆ ನಂಬರ್ ಹೇಳಿ."

"ಬಟ್ಟೆ ಅಲ್ಲ ರೀ. ಈ ಮನೆತನದವರನ್ನ ಹುಡುಕ್ತಾ ಇದೀನಿ. ನಿಮ್ಮಲ್ಲಿ ಹಿಂದೆ ಮಿಷನ್ ರಿಪೇರಿ ಕಲಿತೋರು ಯಾರಾದ್ರೂ ಇದ್ರಾ?" ಎಂದು ಅಪ್ಪನ ಹೆಸರು ಹೇಳಿದಳು.

ಹಬೆಯ ಸದ್ದು ನಿಂತಿತು. ಆ ಕಡೆಯವಳು ಇಸ್ತ್ರಿಯನ್ನೇ ಆರಿಸಿರಬೇಕು. "ನೀವು ಯಾರು?"

"ಅವರ ಮಗಳು."

"ಅವರಿಗೆ ಮಗಳಿಲ್ಲ. ಮದುವೇನೂ ಆಗಿಲ್ಲ. ಇಪ್ಪತ್ತನೇ ವಯಸ್ಸಿಗೇ ಸತ್ತಿದಾರೆ. ಇದು ತಮಾಷೆ ಮಾಡೋ ವಿಷಯ ಅಲ್ಲ ರೀ. ಇನ್ನೊಂದು ಸಲ ಫೋನ್ ಮಾಡಿದ್ರೆ ಪೊಲೀಸಿಗೆ ಹೇಳ್ತೀನಿ." ಕಡ್ಡಿ ಮುರಿದಂತೆ ಹೇಳಿ ಇಟ್ಟುಬಿಟ್ಟಳು.

ಮಿಷನ್ ಅಕ್ಕ ಆ ಸಂಜೆ ಎರಡು ಮಿಷನ್ನುಗಳ ಬೆಲ್ಟನ್ನು ತಿರುಗುಮುರುಗಾಗಿ ಹಾಕಿ, ದರ್ಜಿಗಳಿಂದ ಬೈಸಿಕೊಂಡಳು. ಅಂಗಡಿ ಮುಚ್ಚುವ ಮುಂಚೆ ಅಪ್ಪನ ಮದುವೆಯ ಫೋಟೋವನ್ನೂ ಪ್ರಮಾಣಪತ್ರವನ್ನೂ ಮೊಬೈಲಿನಲ್ಲಿ ಕ್ಲಿಕ್ಕಿಸಿ ಲಾಂಡ್ರಿಯ ನಂಬರಿಗೆ ಕಳಿಸಿದಳು. ನೋಡಿದ್ದಾರೆ ಎಂದು ಗೊತ್ತಾಯಿತು, ಉತ್ತರ ಮಾತ್ರ ಬರಲಿಲ್ಲ. ಮೂರನೇ ದಿನ ನಾಲ್ಕು ಸಾಲು ಬಂತು. 'ಬನ್ನಿ. ಫೋಟೋದ ಅಸಲು ತನ್ನಿ. ಅಂಗಡಿಗೆ ಬನ್ನಿ, ಮೇಲಿನ ಮನೆಗಲ್ಲ. ಮೊದಲು ನನ್ನ ಹತ್ತಿರ ಮಾತಾಡದೆ ನಮ್ಮಪ್ಪನ ಎದುರಿಗೆ ನಿಲ್ಲಬೇಡಿ.'

ತಾಯಿಗೆ ಹೇಳಿದ್ದು ಹೊರಡುವ ಬೆಳಿಗ್ಗೆಯೇ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹೋಗಬೇಡ. ನಾನು ಬೇಡಿಕೊಳ್ತಿದೀನಿ ಅಂತಾದ್ರೂ ತಿಳ್ಕೊ."

"ಯಾಕೆ ಅಂತ ಹೇಳು, ನಿಲ್ಲಿಸ್ತೀನಿ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆಡೆ ನೋಡಿದಳು. ಮಗಳು ಪುಟ್ಟಿಯ ಕೈಹಿಡಿದು ಪಕ್ಕದಿಂದ ದಾಟಿದಳು.

ಬಸ್ಸಿನಲ್ಲಿ ಆರು ಗಂಟೆ. ಪುಟ್ಟಿ ಬಲಗಡೆ ಅಮ್ಮನಿರುವಂತೆ ಕಿಟಕಿಯ ಸೀಟು ಹಿಡಿದು, "ಅಲ್ಲಿ ನಂಗೆ ಅಣ್ಣ ತಮ್ಮ ಯಾರಾದ್ರೂ ಸಿಗ್ತಾರಾ?" ಎಂದು ಕೇಳುತ್ತಿದ್ದಳು. ತಾಯಿಯ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು. ಇಪ್ಪತ್ತನೇ ವಯಸ್ಸಿಗೇ ಸತ್ತಿದ್ದಾರೆ. ಹಾಗಾದರೆ ಈ ನಲವತ್ತೈದು ವರ್ಷ ತನ್ನನ್ನು ಸಾಕಿದವನು ಯಾರು? ಸತ್ತವನ ಪ್ರಮಾಣಪತ್ರ ಕದ್ದ ಯಾರೋ ಬೇರೆಯವನೇ?

ಲಾಂಡ್ರಿ ಇಕ್ಕಟ್ಟಾದ ಬೀದಿಯ ಮೂಲೆಯಲ್ಲಿತ್ತು. ಗಲ್ಲೆಯ ಹಿಂದೆ ಸಾಲುಸಾಲಾಗಿ ನೇತುಹಾಕಿದ ಬಟ್ಟೆ, ಪ್ರತಿಯೊಂದರ ಕೊರಳಪಟ್ಟಿಗೂ ಪಿನ್ನು ಹಾಕಿದ ನಂಬರ್ ಚೀಟಿ. ಒದ್ದೆ ಬಟ್ಟೆಯ, ಬಿಸಿ ಕಬ್ಬಿಣದ ವಾಸನೆ. ಗಲ್ಲೆಯಲ್ಲಿದ್ದ ಮೂವತ್ತಾರು ವರ್ಷದ ಹೆಂಗಸು ಬಂದವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಪುಟ್ಟಿಯ ಮೇಲೆ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅಂಗಡಿಯ ಬಾಗಿಲು ಅರ್ಧ ಎಳೆದು, ಇಸ್ತ್ರಿ ಮೇಜಿನ ಮೇಲೆ ಕೈಚಾಚಿದಳು. "ಫೋಟೋ."

ಅವಳೂ ಒಂದು ಫೋಟೋ ತೆಗೆದಿಟ್ಟಿದ್ದಳು. ಇಬ್ಬರು ಹುಡುಗರು, ಮಧ್ಯೆ ಒಂದು ಹೊಸ ಸೈಕಲ್. ಎರಡನ್ನೂ ಪಕ್ಕಪಕ್ಕ ಇಟ್ಟಳು. ಎಡಗಡೆಯ ಹುಡುಗನ ಹುಬ್ಬಿನ ಮಧ್ಯೆ ಒಂದು ಸೀಳು ಗಾಯವಿತ್ತು. ಮದುವೆಯ ಗಂಡಿನ ಹುಬ್ಬಿನಲ್ಲೂ ಅದೇ ಗಾಯ. ಆ ಗಾಯವನ್ನು ಮಿಷನ್ ಅಕ್ಕ ಚಿಕ್ಕಂದಿನಲ್ಲಿ ಬೆರಳಿನಿಂದ ಸವರಿ ಸವರಿ ನಿದ್ದೆ ಹೋಗುತ್ತಿದ್ದಳು.

ಲಾಂಡ್ರಿಯವಳು ಸ್ಟೂಲಿನ ಮೇಲೆ ಕುಸಿದಳು. "ಅಯ್ಯೋ ದೇವರೇ... ಬದುಕಿದ್ರಾ?"

"ಹೋದ ವರ್ಷದವರೆಗೂ."

"ಈ ಬಲಗಡೆ ಇರೋರು ನಮ್ಮಪ್ಪ. ನಿಮ್ಮಪ್ಪನ ತಮ್ಮ." ಅವಳ ದನಿ ಕೆಳಗಿಳಿಯಿತು. "ನಿಮ್ಮಪ್ಪನ್ನ ಕೊಲೆ ಮಾಡಿದ್ದಕ್ಕೆ ಒಂಬತ್ತು ವರ್ಷ ಜೈಲಲ್ಲಿದ್ರು."

ಮಿಷನ್ ಅಕ್ಕ ಸೈಕಲ್ಲಿನ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡಳು. ಪುಟ್ಟಿ, "ಏನಂದ್ರು? ಅಮ್ಮಾ, ಏನಂದ್ರು?" ಎಂದು ಬಲಗಿವಿ ಮುಂದೆ ಮಾಡಿದಳು.

ಲಾಂಡ್ರಿಯವಳು ಹೇಳತೊಡಗಿದಳು. ಜಗಳ ಎದ್ದದ್ದು ಆ ಸೈಕಲ್ಲಿಗೆ. ತಮ್ಮನ ಹೊಸ ಸೈಕಲ್ಲನ್ನು ಅಣ್ಣ ಕೇಳದೆ ಒಯ್ದು ಚಕ್ರ ಸೊಟ್ಟ ಮಾಡಿಕೊಂಡು ಬಂದಿದ್ದ. ಕಾಲುವೆಯ ಸೇತುವೆಯ ಮೇಲೆ, ಹಾಡಹಗಲು, ನಾಲ್ಕು ಜನರ ಕಣ್ಣೆದುರಿಗೆ ಇಬ್ಬರೂ ಕೈಕೈ ಮಿಲಾಯಿಸಿದರು. ತಮ್ಮ ತಳ್ಳಿದ. ಅಣ್ಣ ತಡೆಗೋಡೆಯ ಮೇಲಿಂದ ತುಂಬಿದ ಕಾಲುವೆಗೆ ಬಿದ್ದ. ಮತ್ತೆ ಕಾಣಲಿಲ್ಲ. ಮೂರು ವಾರದ ಮೇಲೆ ಎಷ್ಟೋ ಮೈಲಿ ಕೆಳಗೆ ಗುರುತೇ ಸಿಗದಂತಾದ ಒಂದು ಹೆಣ ಸಿಕ್ಕಿತು. ತಾಯಿ ಅದನ್ನು ನೋಡಿ, ನನ್ನ ಮಗನೇ ಎಂದಳು. ತಮ್ಮನಿಗೆ ಆಗ ಹದಿನೆಂಟು ತುಂಬಿ ಎರಡು ತಿಂಗಳು. ಆ ಎರಡು ತಿಂಗಳಿಗೆ ದೊಡ್ಡವರ ಜೈಲಾಯಿತು.

"ನಮ್ಮಜ್ಜಿ ಸಾಯೋವರೆಗೂ ನಮ್ಮಪ್ಪನ ಜೊತೆ ಮಾತಾಡ್ಲಿಲ್ಲ," ಎಂದಳು ಲಾಂಡ್ರಿಯವಳು. "ಒಂದೇ ಮನೇಲಿದ್ದು. ತಟ್ಟೆ ಇಡೋಳು, ಎದ್ದು ಹೋಗೋಳು. ಸ್ಕೂಲಲ್ಲಿ ನಂಗೆ ಕೊಲೆಗಾರನ ಮಗಳು ಅಂತಲೇ ಹೆಸರು. ನಿಮ್ಮ ಫೋಟೋ ಬಂದ್ಮೇಲೆ ಮೂರು ದಿನ ನಾನು ಅನ್ನ ಮುಟ್ಟಿಲ್ಲ. ಅಪ್ಪ ಮೇಲೆ ಕೂತು ಚೀಟಿ ಬರೀತಿದಾರೆ. ಅವರಿಗೆ ಏನೂ ಗೊತ್ತಿಲ್ಲ. ಈಗ್ಲೂ ನೀವು ವಾಪಸ್ ಹೋಗ್ಬಹುದು, ನಾನು ತಡೆಯಲ್ಲ. ಆದ್ರೆ ಮೆಟ್ಟಿಲು ಹತ್ತಿದ್ರೆ ಪೂರ್ತಿ ಹೇಳ್ಬೇಕು. ಅರ್ಧ ಹೇಳಿ ಕೊಲ್ಲಬೇಡಿ. ಅವರು ಕೇಳೋ ಮೊದಲನೇ ಪ್ರಶ್ನೆ ಏನು ಅಂತ ನಂಗೆ ಗೊತ್ತು."

ಏನೆಂದು ಮಿಷನ್ ಅಕ್ಕನಿಗೂ ಗೊತ್ತಿತ್ತು. ಪುಟ್ಟಿಯನ್ನು ಅಲ್ಲಿಯೇ ಕೂರಿಸಿ ಬೀದಿಗೆ ಬಂದು ಮನೆಗೆ ಫೋನ್ ಮಾಡಿದಳು. ಅಮ್ಮ ಮೊದಲ ರಿಂಗಿಗೇ ಎತ್ತಿದಳು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳೇನೋ.

"ಅಮ್ಮಾ, ಅಪ್ಪನಿಗೆ ಗೊತ್ತಿತ್ತಾ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ತಮ್ಮ ಜೈಲಲ್ಲಿದಾನೆ ಅಂತ ಗೊತ್ತಿತ್ತಾ? ಅಷ್ಟು ಹೇಳು."

"ಮೊದಲು ಗೊತ್ತಿರ್ಲಿಲ್ಲ," ಎಂದಳು ಅಮ್ಮ. ದನಿ ಎಲ್ಲಿಂದಲೋ ಬಂದಂತಿತ್ತು. "ಒಂದು ಮೈಲಿ ಕೆಳಗೆ ಈಜಿ ದಡ ಹತ್ತಿದ್ರಂತೆ. ಜೇಬಲ್ಲಿ ಒದ್ದೆಯಾದ ರಿಪೇರಿ ಸ್ಕೂಲಿನ ಕಾಗದ ಬಿಟ್ರೆ ಏನೂ ಇರ್ಲಿಲ್ಲಂತೆ. ಎರಡು ದಿನ ಹೆದರ್ಕೊಳ್ಳಲಿ ನನ್ ಮಗ ಅಂತ ಲಾರಿ ಹತ್ತಿದ್ರಂತೆ. ಎರಡು ದಿನ ಎರಡು ವಾರ ಆಯ್ತು. ಕೆಲಸ ಸಿಕ್ತು. ಹೇಗೂ ಆ ಲಾಂಡ್ರಿ ಬೇಡವಾಗಿತ್ತು ಅವರಿಗೆ."

"ಆಮೇಲೆ?"

"ಆರನೇ ವರ್ಷ ಆ ಊರಿನ ಸೂಜಿ ಮಾರೋನೊಬ್ಬ ಅಂಗಡಿಗೆ ಬಂದ. ನಮ್ಮೂರಲ್ಲಿ ತಮ್ಮ ಅಣ್ಣನ್ನೇ ಕೊಂದ ಕಣ್ರೀ, ಇನ್ನೂ ಒಳಗಿದಾನೆ ಅಂತ ಕತೆ ಹೇಳಿದ. ಇವರಿಗೇ ಇವರ ಕೊಲೆ ಕತೆ. ಆವತ್ತು ಮನೆಗೆ ಬಂದವರಿಗೆ ಚಳಿಜ್ವರ. ಮರುದಿನ ಬಸ್ಸಿಗೆ ಹೊರಟು ನಿಂತ್ರು." ಅಮ್ಮ ಉಸಿರೆಳೆದುಕೊಂಡಳು. "ನಾನು ತಡೆದೆ. ಹೋದ್ರೆ ನಿಮ್ಮನ್ನೇ ಒಳಗೆ ಹಾಕ್ತಾರೆ ಅಂದೆ. ಹೊಟ್ಟೇಲಿ ನೀನಿದ್ದೆ. ಐದು ತಿಂಗಳು. ನಂಗೆ ಬೇರೆ ಯಾರಿದ್ರು ಹೇಳು? ಅವರು ಚೀಲ ಕೆಳಗಿಟ್ರು. ಆಮೇಲೆ ಆ ಮಾತು ನಾವಿಬ್ರೂ ಎತ್ತಲಿಲ್ಲ."

ಒಂಬತ್ತರಲ್ಲಿ ಆರು ಕಳೆದರೆ ಮೂರು. ಒಂದನೇ ಕ್ಲಾಸಿನ ಲೆಕ್ಕ. ಅವಳು ಹುಟ್ಟಿ, ತೊಟ್ಟಿಲು ದಾಟಿ, ಅಪ್ಪನ ಬೆರಳು ಹಿಡಿದು ಬೀದಿಯಲ್ಲಿ ಓಡಾಡಲು ಕಲಿತ ಆ ಮೂರು ವರ್ಷ ಇನ್ನೊಬ್ಬ ಗೋಡೆಯೊಳಗಿದ್ದ.

"ಹೇಳಬೇಡ ಕಣೇ," ಎಂದಳು ಅಮ್ಮ. "ಗೊತ್ತಿರ್ಲಿಲ್ಲ ಅಂತ ಹೇಳು. ಸತ್ತೋರ ಮೇಲೆ ಯಾಕೆ ಕೆಸರು?"

ಅವಳು ಫೋನ್ ಇಟ್ಟಳು. ಹಾಗೆ ಹೇಳಿಬಿಡುವುದು ಎಷ್ಟು ಸುಲಭ ಎಂಬುದೇ ಅವಳನ್ನು ಹೆದರಿಸಿತು. ಒಂದೇ ಶಬ್ದ. ಪರೀಕ್ಷಿಸುವವರು ಭೂಮಿಯ ಮೇಲೆ ಯಾರೂ ಇಲ್ಲ. ಅಪ್ಪ ಒಳ್ಳೆಯವನಾಗಿಯೇ ಉಳಿಯುತ್ತಾನೆ, ಮುದುಕನಿಗೂ ಅಷ್ಟು ಸಂಕಟ ಕಡಿಮೆ. ಅರ್ಧ ಎಳೆದ ಬಾಗಿಲ ಕೆಳಗೆ ತಲೆತಗ್ಗಿಸಿ ಒಳಗೆ ಬರುವಾಗ ಅವಳು ಸುಳ್ಳು ಹೇಳುವುದೆಂದೇ ತೀರ್ಮಾನಿಸಿದ್ದಳು.

ಪುಟ್ಟಿಯನ್ನೂ ಕರೆದುಕೊಂಡು ಮೂವರೂ ಮೆಟ್ಟಿಲು ಹತ್ತಿದರು. ಮೇಲಿನ ಕೋಣೆಯಲ್ಲಿ ಮುದುಕರು ಕಿಟಕಿಯ ಬೆಳಕಿಗೆ ಬೆನ್ನುಹಾಕಿ ಕೂತು, ಸಣ್ಣ ಬಟ್ಟೆಯ ಚೀಟಿಗಳ ಮೇಲೆ ಮಾಸದ ಶಾಯಿಯಿಂದ ನಂಬರ್ ಬರೆಯುತ್ತಿದ್ದರು. ಎಪ್ಪತ್ತು ವರ್ಷ. ಒಣಗಿದ ಮೈ, ಗಟ್ಟಿ ಮಣಿಕಟ್ಟು. ತಲೆಯೆತ್ತಿದಾಗ ಮಿಷನ್ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅದೇ ಮೂಗು, ಅದೇ ಗಲ್ಲ. ಹುಬ್ಬು ಮಾತ್ರ ಇಡಿಯಾಗಿತ್ತು.

"ಅಪ್ಪಾ," ಎಂದಳು ಲಾಂಡ್ರಿಯವಳು, ಅವರ ಬಲಕ್ಕೆ ಹೋಗಿ ಬಗ್ಗಿ. "ಇವರು ದೂರದಿಂದ ಬಂದಿದಾರೆ. ನಿಮ್ಮ ಹತ್ರ ಮಾತಾಡ್ಬೇಕಂತೆ. ಮೊದಲು ಪೆನ್ನು ಕೆಳಗಿಡಿ."

"ಬಟ್ಟೆ ಸುಟ್ಟುಹಾಕಿದ್ಯಾ? ಸರಿ, ಯಾವ ಬಣ್ಣ ಹೇಳಮ್ಮ."

ಮಿಷನ್ ಅಕ್ಕ ಮದುವೆಯ ಫೋಟೋವನ್ನು ಅವರ ಮುಂದಿಟ್ಟಳು. ಮುದುಕರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಫೋಟೋ ಹತ್ತಿರ ತಂದರು. ದೂರ ಹಿಡಿದರು. ಕೆಳಗೆ ಬೀದಿಯಲ್ಲಿ ಹಾದುಹೋದ ಗಾಡಿಯೊಂದಕ್ಕೆ ಕಿಟಕಿಯ ಗಾಜು ಅದುರಿತು.

"ಇವನಿಗೆ ಮೀಸೆ ಬಂದಿರ್ಲಿಲ್ಲ," ಎಂದರು. "ಇಷ್ಟು ಮೀಸೆ ಇವನಿಗೆ ಬಂದೇ ಇರ್ಲಿಲ್ಲ."

"ಆಮೇಲೆ ಬಂತು ಚಿಕ್ಕಪ್ಪ," ಎಂದಳು. ಆ ಶಬ್ದ ತಾನಾಗಿ ಬಾಯಿಂದ ಬಿತ್ತು. ಜೀವಮಾನದಲ್ಲಿ ಯಾರನ್ನೂ ಹಾಗೆ ಕರೆದಿರಲಿಲ್ಲ. "ನಾನು ಅವರ ಮಗಳು. ಅವರು ಹೋದ ವರ್ಷ ತೀರ್ಕೊಂಡ್ರು. ಕೂತಲ್ಲೇ."

"ಹೋದ ವರ್ಷ," ಎಂದರು ಮುದುಕರು. ಇನ್ನೊಮ್ಮೆ, "ಹೋದ ವರ್ಷ!" ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. ನಗು ಹೊಟ್ಟೆಯಿಂದ ಬಂತು, ನಿಲ್ಲಲಿಲ್ಲ. ಮಗಳು ಹೆದರಿ ಅವರ ಭುಜ ಹಿಡಿದಳು. "ಬಿಡೇ, ಬಿಡು. ನಾನು ಕೊಂದಿಲ್ಲ ಕಣೇ. ಕೇಳಿಸ್ತಾ? ನಾನು ಕೊಂದಿಲ್ಲ! ಕೋರ್ಟಲ್ಲಿ ಕೊಂದಿಲ್ಲ ಅಂದೆ, ಆಮೇಲೆ ನಂಗೇ ಅನುಮಾನ ಬಂತು. ತಳ್ಳಿದ್ದು ಈ ಕೈಯೇ ಅಲ್ವಾ? ಅವನ ಎದೆ ತಾಕಿದ್ದು ಇನ್ನೂ ಗೊತ್ತಾಗುತ್ತೆ. ಒಳಗಿದ್ದಾಗ್ಲೇ ಒಪ್ಕೊಂಬಿಟ್ಟಿದ್ದೆ, ಕೊಂದಿದೀನಿ ಅಂತ." ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಶಾಯಿ ಮೆತ್ತಿತ್ತು.

ನಗು ಬಂದಷ್ಟೇ ಬೇಗ ಆರಿತು. ಕಣ್ಣು ಅಣ್ಣನ ಮಗಳ ಮೇಲೆ ನೆಟ್ಟಿತು.

"ಅವನಿಗೆ ಗೊತ್ತಿತ್ತಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಬಾಯಿ ತೆರೆದಳು. ಆದರೆ ಆ ಮುದುಕ ಕೇಳುತ್ತಿದ್ದ ರೀತಿ ಹೇಗಿತ್ತೆಂದರೆ, ಐವತ್ತು ವರ್ಷ ಇಡೀ ಊರಿನಿಂದ ಒಂದು ಸುಳ್ಳು ಕೇಳಿಸಿಕೊಂಡವನು ಮೊದಲ ಸಲ ನಿಜ ಕೇಳಲು ಕೂತಂತಿತ್ತು.

"ಮೊದಲ ಆರು ವರ್ಷ ಗೊತ್ತಿರ್ಲಿಲ್ಲ," ಎಂದಳು. "ಆಮೇಲಿನ ಮೂರು ವರ್ಷ ಗೊತ್ತಿತ್ತು. ಬರ್ತೀನಿ ಅಂತ ಹೊರಟಿದ್ರು. ನಮ್ಮಮ್ಮ ತಡೆದ್ರು. ನಾನು ಹೊಟ್ಟೇಲಿದ್ದೆ."

ಮುದುಕರು ಎದ್ದರು. ಮೇಜು ಅವರ ತೊಡೆಗೆ ತಾಗಿ ಚೀಟಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಕೈ ಮೇಲೆದ್ದಿತು. ಹೊಡೆದೇಬಿಡುತ್ತಾರೆ ಎಂದುಕೊಂಡಳು; ಹೊಡೆದರೆ ಹೊಡೆಯಲಿ ಎಂದು ಅಲ್ಲೇ ನಿಂತಳು. ಆ ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿತು.

"ಏಳನೇ ವರ್ಷ ನಮ್ಮಪ್ಪ ಸತ್ತ," ಎಂದರು ಹೊರಗೆ ನೋಡುತ್ತ. "ಮಣ್ಣಿಗೂ ಬಿಡ್ಲಿಲ್ಲ ನನ್ನ. ಮೂರು ವರ್ಷ ಅಂದ್ರೆ ಏನು ಅಂತ ಗೊತ್ತಾ ನಿಂಗೆ? ಆರು ವರ್ಷ ಬೇಕಾದ್ರೆ ಬಿಟ್ಟೆ ಹೋಗು. ಹುಡುಗಾಟ ಅಂತೀನಿ. ಈ ಮೂರನ್ನ ಏನನ್ನಲಿ?"

ಅವಳು ಫೋನ್ ಚಾಚಿದಳು. "ಅಮ್ಮ ಇನ್ನೂ ಇದಾರೆ, ಫೋನ್ ಮಾಡಿಕೊಡ್ತೀನಿ. ಬೈಬೇಕು ಅನ್ಸಿದ್ರೆ..."

"ಆಯಮ್ಮನ ದನಿ ನಂಗೆ ಬೇಡ! ಇಳೀರಿ ಕೆಳಗೆ. ಎಲ್ಲರೂ."

ಇಳಿದರು. ಲಾಂಡ್ರಿಯವಳು ಗಲ್ಲೆಯ ಹಿಂದೆ ನಿಂತು ಒಂದೇ ಅಂಗಿಯನ್ನು ಮೂರು ಸಲ ಮಡಿಸಿದಳು. ಮಿಷನ್ ಅಕ್ಕ ಚೀಲ ಹೆಗಲಿಗೇರಿಸಿದಾಗ ಪುಟ್ಟಿ ಕಾಣಲಿಲ್ಲ. ಚೆಲ್ಲಿದ ಚೀಟಿಗಳನ್ನು ಮೇಜಿನಡಿ ಹೆಕ್ಕುತ್ತಿದ್ದವಳಿಗೆ ಎಲ್ಲರೂ ಇಳೀರಿ ಎಂದದ್ದು ಸರಿಯಾಗಿ ಕೇಳಿಸಿರಲಿಲ್ಲ. ಅವರು ಮಾತಾಡಿದ್ದು ಅವಳ ಎಡಕ್ಕೆ ನಿಂತು.

ತಾಯಿ ಮತ್ತೆ ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತಳು. ಹುಡುಗಿ ನೆಲದ ಮೇಲೆ ಕೂತು ಚೀಟಿಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದಳು. ಮುದುಕರು ಏನೋ ಅಂದರು. "ಆ?" ಎಂದು ಅವಳು ಬಲಗಡೆಗೆ ತಲೆ ತಿರುಗಿಸಿದಳು.

"ನಿಂಗೆ ಎಡಗಿವಿ ಕೇಳಲ್ವಾ?"

"ಇಲ್ಲ ತಾತ. ಅದಕ್ಕೇ ನಾವು ನಿಮ್ಮನ್ನೆಲ್ಲ ಹುಡುಕ್ಕೊಂಡು ಬಂದಿದ್ದು. ಇನ್ನೊಂದೂ ಹೋಗುತ್ತಾ ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕಂತೆ."

ಮುದುಕರು ನಿಧಾನವಾಗಿ ತಮ್ಮ ಎಡಗಿವಿ ಮುಟ್ಟಿಕೊಂಡರು. "ಜೈಲಲ್ಲಿ ಒಬ್ಬ ಕಪಾಳಕ್ಕೆ ಬಿಟ್ಟಿದ್ದ. ಅದಕ್ಕೇ ಹೋಯ್ತು ಅಂದ್ಕೊಂಡಿದ್ದೆ ಇಷ್ಟು ದಿನ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮಮ್ಮನಿಗೂ ಎಡಗಡೆ ಮಂದ. ಬಲಗಿವಿ ಮಾತ್ರ ಎಂಬತ್ತರವರೆಗೂ ಸೂಜಿ ಬಿದ್ರೆ ಕೇಳ್ತಿತ್ತು. ನಂದೂ ನೋಡು, ಗಟ್ಟಿಯಾಗಿದೆ. ಹೋಗಲ್ಲ ನಿಂದು. ಹೆದರ್ಕೋಬೇಡ."

ಬಾಗಿಲಲ್ಲಿದ್ದ ತಾಯಿ ಚೌಕಟ್ಟಿಗೆ ಹಣೆಯಿಟ್ಟು ಅತ್ತಳು. ಮುದುಕರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಇಳಿ ಎಂದೂ ಮತ್ತೆ ಹೇಳಲಿಲ್ಲ.

ಮಾರನೇ ವಾರ ಲಾಂಡ್ರಿಯವಳ ಫೋನ್ ಬಂತು. "ಅಕ್ಕ, ಅಪ್ಪ ವಕೀಲರ ಹತ್ರ ಹೋಗಿದ್ರು. ಕಾಗದ ಬೇಕಂತೆ. ಕೊಲೆಗಾರ ಅಲ್ಲ ಅಂತ ಕೋರ್ಟಿನ ಕಾಗದ. ನಾಳೆ ಸತ್ತರೆ ಪಕ್ಕದಲ್ಲಿಡೋಕೆ ಅಂತ ಹೇಳ್ತಾರೆ, ಮಾತು ನೋಡಿ ಇವರದ್ದು! ನಿಮ್ಮ ರಕ್ತ ಪರೀಕ್ಷೆ ಮಾಡಿಸ್ಬೇಕಂತೆ. ಮತ್ತೆ... ನಿಮ್ಮಮ್ಮನ ಹೇಳಿಕೆ."

ಅಮ್ಮ ಹದಿನೈದು ದಿನ ಒಪ್ಪಲಿಲ್ಲ. ಕಾಲುನೋವು ಎಂದಳು, ತಲೆಸುತ್ತು ಎಂದಳು. ಮಗಳು ಒತ್ತಾಯಿಸಲಿಲ್ಲ. ಊಟಕ್ಕೆ ಮಾತ್ರ ಬೇರೆಯಾಗಿ ಕೂತಳು. ಹದಿನಾರನೇ ದಿನ ಬೆಳಿಗ್ಗೆ ಅಮ್ಮ ಒಳ್ಳೆಯ ಸೀರೆಯುಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಬಸ್ಸು ಎಷ್ಟೊತ್ತಿಗೆ?"

ವಕೀಲರ ಕಚೇರಿ ಎರಡನೇ ಮಹಡಿಯಲ್ಲಿ. ಕಡತಗಳ ನಡುವೆ ಐದು ಕುರ್ಚಿ, ಒಂದರಲ್ಲಿ ಪುಟ್ಟಿಯೂ ಕೂತಿದ್ದಳು. ಮುದುಕರು ಕಿಟಕಿಯ ಪಕ್ಕ, ಅಮ್ಮ ಬಾಗಿಲ ಪಕ್ಕ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ವಕೀಲರು ಹೇಳಿಕೆಯನ್ನು ಓದಿ, ಗಂಟಲು ಸರಿಮಾಡಿಕೊಂಡರು. "ಒಂದು ಮಾತು, ಅಮ್ಮ. ಆತ ಬದುಕಿದ್ರು ಅಂತ ತೋರಿಸಿದ್ರೆ ಸಾಕು, ಕೇಸಿಗೆ ಅಷ್ಟೇ ಬೇಕು. ಗೊತ್ತಿದ್ದೂ ಸುಮ್ಮನಿದ್ವಿ ಅನ್ನೋ ಸಾಲು ಬೇಕಿಲ್ಲ. ನಾಳೆ ನಿಮ್ಮನ್ನೇ ಯಾರಾದ್ರೂ ಪ್ರಶ್ನೆ ಮಾಡಬಹುದು. ಗಂಡ ಏನೂ ಹೇಳಿರ್ಲಿಲ್ಲ ಅಂತ ಹಾಕ್ಲಾ?"

ಮಿಷನ್ ಅಕ್ಕ ಅಮ್ಮನತ್ತ ನೋಡಿದಳು. ಅಂದು ಫೋನಿನಲ್ಲಿ ಅಮ್ಮ ಬೇಡಿಕೊಂಡದ್ದೂ ಇದನ್ನೇ ತಾನೆ. ಈಗ ವಕೀಲರೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬೇಡ," ಎಂದಳು. "ಗೊತ್ತಿತ್ತು ಅಂತಲೇ ಬರೀರಿ. ತಡೆದೋಳು ನಾನು ಅಂತಾನೂ ಬರೀರಿ. ಅವರು ಚೀಲ ತಗೊಂಡು ಹೊರಟಿದ್ರು. ಅದನ್ನೂ ಸೇರಿಸಿ."

ವಕೀಲರ ಪೆನ್ನು ಹಾಳೆಯ ಮೇಲೆ ಓಡಿತು. ಮುದುಕರು ಎದ್ದು ಹೊರಗಿನ ಓಣಿಗೆ ಹೋದರು. ಲಾಂಡ್ರಿಯವಳು ಹಿಂದೆ ಹೋಗಲು ಎದ್ದವಳು ಮತ್ತೆ ಕೂತಳು. ಅಮ್ಮ ಸಹಿ ಮಾಡಿ, ಬೆರಳಿಗೆ ಹತ್ತಿದ ಶಾಯಿಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುವಷ್ಟರಲ್ಲಿ ಮುದುಕರು ಬಾಗಿಲಲ್ಲಿ ಕಾಣಿಸಿಕೊಂಡು, ಯಾರಿಗೋ ಹೇಳುವಂತೆ, "ಮುಗೀತಾ? ಹೊರಡೋಣ," ಎಂದರು.

ಕೋರ್ಟಿನ ಕಾಗದ ಬರಲು ಮುಂದೆ ಹನ್ನೊಂದು ತಿಂಗಳು ಹಿಡಿಯಿತು. ಅದನ್ನು ಓದಿಕೊಳ್ಳಲು ಮುದುಕರು ಬದುಕಿದ್ದರು, ಬೀದಿಯವರಿಗೆಲ್ಲ ಓದಿಯೂ ಹೇಳಿದರು. ಪುಟ್ಟಿ ರಜೆಗೆ ಅಲ್ಲಿಗೆ ಹೋಗಿ ಬರುತ್ತಾಳೆ. ಅಮ್ಮ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಯಾರೂ ಕರೆಯಲೂ ಇಲ್ಲ.

ಆದರೆ ಆವತ್ತು, ವಕೀಲರ ಕಚೇರಿಯಿಂದ ಇಳಿದು ಎಲ್ಲರೂ ಬಸ್ ನಿಲ್ದಾಣದವರೆಗೆ ನಡೆದರು. ಮುದುಕರು ನಾಲ್ಕು ಹೆಜ್ಜೆ ಮುಂದೆ, ಅಮ್ಮ ಎಲ್ಲರಿಗಿಂತ ಹಿಂದೆ. ಬಸ್ಸು ಬಂತು. ಅಮ್ಮ ಸರಸರನೆ ಹೋಗಿ ಹಿಡಿಗಂಬಿಗೆ ಕೈಹಾಕಿದಳು.

"ಅದಕ್ಕೆ ಹತ್ತಬೇಡಿ," ಎಂದರು ಮುದುಕರು. ಅವರ ಕಣ್ಣು ರಸ್ತೆಯ ಆಚೆಗಿತ್ತು. "ಅದು ಊರೆಲ್ಲ ಸುತ್ತಾಕ್ಕೊಂಡು ಹೋಗುತ್ತೆ. ಹಿಂದೆ ಇನ್ನೊಂದು ಬರುತ್ತೆ, ನೇರ."

ಅಮ್ಮ ಕೈ ಬಿಟ್ಟು ಕೆಳಗಿಳಿದಳು. ಐವರೂ ಇನ್ನೊಂದು ಬಸ್ಸಿಗೆ ಕಾಯುತ್ತ ನಿಂತರು.